ಸೆಮರಾಂಗ್ ಪಕ್ಕದ ಬೆಡೊನೊ: ಕಾಗದದಲ್ಲಿ ಗದ್ದೆ, ಎದುರಿಗೆ ಸಮುದ್ರ

ತವಾಂಗ್_ಟೇಸನ್

ಇಂಡೋನೇಷ್ಯಾದಲ್ಲಿದ್ದೇನೆ ಅಂದ ತಕ್ಷಣ ಊರಿನವರು ಬಾಲಿಯ ಫೋಟೋ ಕಳಿಸು ಅಂತಾರೆ. ನಾನಿರುವುದು ಸೆಮರಾಂಗ್‌ನಲ್ಲಿ, ಇಲ್ಲಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲಸ. ಜಾವಾ ದ್ವೀಪದ ಉತ್ತರ ತೀರದ ನಗರ, 16 ಲಕ್ಷಕ್ಕೂ ಜಾಸ್ತಿ ಜನ, ಮಧ್ಯ ಜಾವಾ ಪ್ರಾಂತ್ಯದ ರಾಜಧಾನಿ. ಬಂದರು, ಗಾರ್ಮೆಂಟ್ಸು, ಮರದ ಸಾಮಾನಿನ ಕಾರ್ಖಾನೆಗಳು, ಹಗಲೂ ರಾತ್ರಿ ಲಾರಿಗಳು. ಪ್ರವಾಸಿಗರು ಬಂದರೂ ಡಚ್ಚರ ಕಾಲದ ಹಳೇ ಪೇಟೆ, ಲಾವಾಂಗ್ ಸೆವು ಕಟ್ಟಡ, ಸಾಮ್ ಪೊ ಕೊಂಗ್ ದೇವಸ್ಥಾನ ನೋಡಿಕೊಂಡು ಜೋಗ್ಜಾಕ್ಕೆ (ಯೋಗ್ಯಕರ್ತಾ ನಗರಕ್ಕೆ) ಹೊರಟುಬಿಡುತ್ತಾರೆ.

ನಗರದ ಪೂರ್ವದ ಅಂಚು ದಾಟಿದರೆ ಡೆಮಾಕ್ ಜಿಲ್ಲೆ. ಅದರಲ್ಲಿ ಸಾಯುಂಗ್ ಅಂತ ನಮ್ಮ ಹೋಬಳಿಯಂಥ ಒಂದು ಭಾಗ. ಸಾಯುಂಗ್‌ನ ಕಡಲಂಚಿನ ಹಳ್ಳಿ ಬೆಡೊನೊ. ಹೆದ್ದಾರಿ ಬಿಟ್ಟು ಉತ್ತರಕ್ಕೆ ಮೊರೊಸಾರಿ ಕಡೆ ತಿರುಗಿದರೆ ಮೊದಲು ಮೀನು ಸಾಕುವ ಹೊಂಡಗಳು ಸಿಗುತ್ತವೆ. ಮುಂದೆ ಹೋದಂತೆ ಹೊಂಡದ ಬದುಗಳು ತೆಳ್ಳಗಾಗುತ್ತವೆ. ಆಮೇಲೆ ಬದುವೇ ಇಲ್ಲ, ನೀರಿನಲ್ಲಿ ಬರೀ ವಿದ್ಯುತ್ ಕಂಬಗಳ ಸಾಲು. ಅಲ್ಲಿಂದಾಚೆಗೆ ದೋಣಿಯೇ ಗತಿ.

ಬೆಡೊನೊ ಒಂದೇ ಜನವಸತಿ ಅಲ್ಲ, ಕೆಲವು ಕೇರಿಗಳು ಸೇರಿದ ಹಳ್ಳಿ. ಅವುಗಳಲ್ಲಿ ತಂಬಾಕ್‌ಸಾರಿಯ ಹೆಚ್ಚಿನವರು 1999ರ ಹೊತ್ತಿಗೆ ಎದ್ದು ಹೋದರು. ರೆಜೊಸಾರಿ ಸೆನಿಕ್ ಕೇರಿ 2006ರಲ್ಲಿ ಖಾಲಿಯಾಯಿತು. ಮೊಂಡೊಲಿಕೊ ಇತ್ತೀಚೆಗೆ ಖಾಲಿಯಾಗಿದೆ. ಸೆನಿಕ್‌ನಲ್ಲಿ ಒಂದು ಕುಟುಂಬ ಮಾತ್ರ ಉಳಿದುಕೊಂಡಿದೆ. ಆ ಮನೆಯ ಹೆಂಗಸು ಸುತ್ತಲಿನ ನೀರಿನಲ್ಲಿ ಮ್ಯಾಂಗ್ರೋವ್ ನೆಡುತ್ತಾ ಬಂದಿದ್ದಾರೆ. ಖಾಲಿಯಾದ ಕೇರಿಯಲ್ಲಿ ಈಗ ಬೆಳ್ಳಕ್ಕಿಗಳ ದೊಡ್ಡ ವಸಾಹತು.

ಯೂಟ್ಯೂಬಿನಲ್ಲಿ ಇದನ್ನು 'ಮುಳುಗಿದ ಹಳ್ಳಿ' ಅಂತ ಹಾಡು ಹಾಕಿ ತೋರಿಸುತ್ತಾರೆ. ಸಮುದ್ರ ಬಂತು, ಊರು ಹೋಯಿತು, ಅಷ್ಟೇ ಕಥೆ. ನನಗೆ ಅದು ಸರಿ ಕಾಣುವುದಿಲ್ಲ. ಸಮುದ್ರ ತಾನಾಗಿ ಬರಲಿಲ್ಲ. ಪಕ್ಕದ ನಗರ ಬೆಳೆದ ರೀತಿಗೂ ಈ ಹಳ್ಳಿ ಹೋದ ರೀತಿಗೂ ನೇರ ಸಂಬಂಧ ಇದೆ. ನಗರದ ಲೆಕ್ಕವನ್ನು ಹಳ್ಳಿ ಕಟ್ಟಿದೆ ಅನ್ನುವುದು ನನ್ನ ಅಭಿಪ್ರಾಯ. ಗೊತ್ತಿರುವವರು ಬರೆಯಿರಿ, ಒಪ್ಪದವರೂ ಬರೆಯಿರಿ.

ಬ್ಯಾಗ್‌ಪ್ಯಾಕ್_ಬಸಣ್ಣ

ಅಣ್ಣಾ, ಈ ಹೆಸರೇ ಕೇಳಿರಲಿಲ್ಲ. ಡಿಸೆಂಬರ್‌ನಲ್ಲಿ ಜಾವಾಕ್ಕೆ ಹೋಗುವ ಯೋಚನೆ ಇದೆ. ಒಂದು ದಿನದಲ್ಲಿ ನೋಡಿ ಬರಬಹುದಾ? ಜಕಾರ್ತಾದಿಂದ ಹೇಗೆ? ಡ್ರೋನ್ ಹಾರಿಸಬಹುದಾ?

ತವಾಂಗ್_ಟೇಸನ್

ಬಸಣ್ಣ, ಜಕಾರ್ತಾದಿಂದ ರೈಲು ಒಳ್ಳೆಯದು. ಗಂಬೀರ್ ನಿಲ್ದಾಣದಲ್ಲಿ ಹತ್ತಿದರೆ ಐದಾರು ಗಂಟೆಯಲ್ಲಿ ಸೆಮರಾಂಗ್ ತವಾಂಗ್. ಆ ನಿಲ್ದಾಣವೇ 1914ರದ್ದು. ಜೋರು ಮಳೆಗೆ ಅದರ ಹಳಿಯ ಮೇಲೂ ನೀರು ನಿಂತದ್ದಿದೆ. ಅಲ್ಲಿಂದ ಆ್ಯಪ್‌ನಲ್ಲಿ ಬೈಕ್ ಕರೆದರೆ ಮೊರೊಸಾರಿ. ನಗರ ದಾಟುವ ಕಲಿಗಾವೆ ರಸ್ತೆಯಲ್ಲಿ ನೀರು ತುಂಬಿದ್ದರೆ ಮಾತ್ರ ಲಾರಿಗಳ ಹಿಂದೆ ಎಷ್ಟು ಹೊತ್ತು ನಿಲ್ಲಬೇಕೋ ದೇವರೇ ಬಲ್ಲ.

ಮೊರೊಸಾರಿಯಿಂದ ದೋಣಿಯಲ್ಲಿ ಶೇಖ್ ಅಬ್ದುಲ್ಲಾ ಮುದ್ಜಾಕಿರ್ ಅವರ ಸಮಾಧಿಗೆ ಹೋಗಬಹುದು. ಸಮುದ್ರದ ಮಧ್ಯೆ ಇರುವ ದರ್ಗಾ ಅಂದುಕೊಳ್ಳಿ. ಸುತ್ತಲಿನ ನೆಲವೆಲ್ಲ ಹೋದರೂ ಸಮಾಧಿ ಮುಳುಗಿಲ್ಲ ಅಂತ ಜನರಿಗೆ ಭಕ್ತಿ ಜಾಸ್ತಿ. ಮ್ಯಾಂಗ್ರೋವ್ ನಡುವೆ ನಡೆದು ಹೋಗಲು ಕಾಂಕ್ರೀಟಿನ ಕಿರುದಾರಿಯೂ ಇದೆ. ಡ್ರೋನ್ ವಿಷಯ ಆಮೇಲೆ ಹೇಳುತ್ತೇನೆ.

ಬಿಸಿಲುಕುದುರೆ

ಒಪ್ಪುವುದಿಲ್ಲ ಸರ್. ಭೂಮಿ ಬಿಸಿಯಾಗುತ್ತಿದೆ, ಸಮುದ್ರ ಏರುತ್ತಿದೆ, ತಗ್ಗಿನ ಹಳ್ಳಿಗಳು ಮುಳುಗುತ್ತಿವೆ. ಇದಕ್ಕೆ ಸೆಮರಾಂಗ್ ನಗರವನ್ನು ಯಾಕೆ ಬೈಯಬೇಕು? ಅಮೆರಿಕ, ಚೀನಾ, ಯುರೋಪು ಬಿಟ್ಟ ಹೊಗೆಗೆ ಈ ಬಡವರು ಅನುಭವಿಸುತ್ತಿದ್ದಾರೆ ಅನ್ನುವುದೇ ಸರಿಯಾದ ಮಾತು.

ಬೋರ್‌ವೆಲ್_ರಾಯ

ಬಿಸಿಲುಕುದುರೆಯವರೇ, ಸ್ವಲ್ಪ ಲೆಕ್ಕ ಹಾಕೋಣ. ಜಗತ್ತಿನ ಸರಾಸರಿ ತೆಗೆದುಕೊಂಡರೆ ಸಮುದ್ರ ಈಗ ವರ್ಷಕ್ಕೆ ಸುಮಾರು 4 ಮಿಲಿಮೀಟರ್ ಏರುತ್ತಿದೆ. ಸೆಮರಾಂಗ್‌ನ ಉತ್ತರ ಮತ್ತು ಪೂರ್ವ ಭಾಗದಲ್ಲಿ, ಡೆಮಾಕ್ ಅಂಚಿನಲ್ಲಿ, ನೆಲವೇ ವರ್ಷಕ್ಕೆ ಹಲವು ಸೆಂಟಿಮೀಟರ್ ಕುಸಿಯುತ್ತಿದೆ. ಕೆಲವು ಜಾಗಗಳಲ್ಲಿ 8ರಿಂದ 10 ಸೆಂಟಿಮೀಟರ್‌ವರೆಗೆ ಅಳೆದಿದ್ದಾರೆ. ಸಮುದ್ರ ಏರುವುದಕ್ಕಿಂತ ಇಪ್ಪತ್ತು ಪಟ್ಟು ವೇಗ ಅದು. ಉಪಗ್ರಹದಿಂದ ಜಗತ್ತಿನ 99 ಕರಾವಳಿ ನಗರಗಳನ್ನು ಅಳೆದ ಅಧ್ಯಯನವೊಂದು 2022ರಲ್ಲಿ ಬಂತು. ಅತಿ ವೇಗವಾಗಿ ಕುಸಿಯುವ ನಗರಗಳ ಸಾಲಿನಲ್ಲಿ ಚೀನಾದ ಟಿಯಾಂಜಿನ್, ಜಕಾರ್ತಾ ಜೊತೆ ಸೆಮರಾಂಗ್ ಮೇಲೆಯೇ ಇದೆ.

ಯಾಕೆ ಅಂದರೆ, ಆ ತೀರ ಪೂರ್ತಿ ನದಿಗಳು ತಂದು ಹಾಕಿದ ಎಳೇ ಮಣ್ಣು. ಒಳಗೆ ಮೆತ್ತನೆಯ ಜೇಡಿ, ಅದರ ಸಂದಿಗಳಲ್ಲಿ ನೀರು. ಕೆಳಗಿನ ಮರಳಿನ ಪದರದಿಂದ ಆಳದ ಬೋರು ಹಾಕಿ ನೀರು ಎಳೆದರೆ ಜೇಡಿಯೊಳಗಿನ ನೀರೂ ಹಿಂಡಿಕೊಂಡು ಹೊರಬರುತ್ತದೆ. ಪದರ ತೆಳ್ಳಗಾಗುತ್ತದೆ. ಮೇಲೆ ಗೋಡೌನು, ಕಾರ್ಖಾನೆ, ಬಂದರಿನ ಭಾರ ಬೇರೆ. ಹೀಗೆ ಒತ್ತಿಕೊಂಡ ಜೇಡಿ ಮತ್ತೆ ನೀರು ಕೊಟ್ಟರೂ ಮೊದಲಿನಷ್ಟು ಉಬ್ಬುವುದಿಲ್ಲ. ಎಳೇ ಮಣ್ಣು ತನ್ನಷ್ಟಕ್ಕೂ ಸ್ವಲ್ಪ ಕೂರುತ್ತದೆ ನಿಜ, ಆದರೆ ಈ ವೇಗದಲ್ಲಿ ಅಲ್ಲ.

ಗೀತಾಂಜಲಿ_ಲೇಔಟ್

ಹಾಗಾದರೆ ಬೆಂಗಳೂರು ಯಾಕೆ ಕುಸಿಯುತ್ತಿಲ್ಲ? ನಮ್ಮ ಬಡಾವಣೆಯಲ್ಲಿ ಸಾವಿರ ಅಡಿಗೂ ನೀರಿಲ್ಲ!

ಬೋರ್‌ವೆಲ್_ರಾಯ

ಮೇಡಂ, ನಮ್ಮ ಕೆಳಗಿರುವುದು ಗಟ್ಟಿ ಬಂಡೆ. ಕೋಟ್ಯಂತರ ವರ್ಷ ಹಳೆಯ ನೈಸ್, ಗ್ರಾನೈಟ್. ನೀರು ಇರುವುದು ಬಂಡೆಯ ಬಿರುಕಿನಲ್ಲಿ. ಬಿರುಕು ಒಣಗಿದರೆ ಬೋರು ಸಾಯುತ್ತದೆ, ಬಂಡೆ ತಗ್ಗುವುದಿಲ್ಲ. ಬೆಂಗಳೂರಿನ ತಪ್ಪಿಗೆ ಬೋರಿನ ಬಿಲ್ಲು ಬೆಂಗಳೂರಿಗೇ ಬರುತ್ತದೆ. ಸೆಮರಾಂಗ್‌ನಲ್ಲಿ ಹಾಗಲ್ಲ. ನೀರು ಎಳೆದವನ ಅಂಗಳಕ್ಕೆ ಲೋಡುಗಟ್ಟಲೆ ಮಣ್ಣು ಬೀಳುತ್ತದೆ, ಅವನು ಎತ್ತರಿಸಿಕೊಳ್ಳುತ್ತಾನೆ. ಎತ್ತರಿಸಿಕೊಳ್ಳಲು ದುಡ್ಡಿಲ್ಲದವನ ಅಂಗಳಕ್ಕೆ ಉಪ್ಪುನೀರು.

ಬಿಸಿಲುಕುದುರೆ

ಲೆಕ್ಕ ಸರಿ. ಆದರೂ ಆ 4 ಮಿಲಿಮೀಟರ್ ಸೊನ್ನೆ ಅಲ್ಲ. ಮುಂದೆ ಅದು ಜಾಸ್ತಿಯೇ ಆಗುತ್ತದೆ. ಎಲ್ಲದಕ್ಕೂ ಬೋರ್‌ವೆಲ್ ಅಂದುಬಿಟ್ಟರೆ ದೊಡ್ಡ ದೇಶಗಳು ತಪ್ಪಿಸಿಕೊಳ್ಳುತ್ತವೆ ಅಲ್ವಾ?

ಬೋರ್‌ವೆಲ್_ರಾಯ

ಅದಕ್ಕೆ ಪೂರ್ತಿ ಒಪ್ಪಿಗೆ. ನನ್ನ ತಕರಾರು ಇಷ್ಟೇ. 'ಹವಾಮಾನ' ಅಂದ ಕೂಡಲೇ ಸ್ಥಳೀಯ ಆಡಳಿತ ಕೈ ತೊಳೆದುಕೊಳ್ಳುತ್ತದೆ. ಹೊಗೆ ನಿಲ್ಲಿಸುವುದು ಸೆಮರಾಂಗ್ ಮೇಯರ್ ಕೈಲಿಲ್ಲ. ಬೋರಿಗೆ ಮೀಟರ್ ಹಾಕುವುದು, ನಲ್ಲಿ ನೀರು ಕೊಡುವುದು ಇಂಡೋನೇಷ್ಯಾದವರ ಕೈಲೇ ಇದೆ.

ಗಜನಿ_ಗದ್ದೆ

ನಾನು ಕುಮಟಾ ಕಡೆಯವ. ಹೊಂಡ, ಬದು ಅಂದ ಮೇಲೆ ಸುಮ್ನೆ ಇರಲಾಗಲಿಲ್ಲ ಮಾರಾಯ್ರೆ. ನಮ್ಮ ಅಘನಾಶಿನಿ ಅಳಿವೆಯಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಕಗ್ಗ ಭತ್ತ, ಉಳಿದ ತಿಂಗಳು ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಬದು ಒಡೆದರೆ ಎಲ್ಲ ಹೋಯಿತು. ಅದಕ್ಕೇ ಬದುವಿನ ಆಚೆ ಕಾಂಡ್ಲಾ ಗಿಡ, ಅಂದರೆ ನೀವು ಹೇಳುವ ಮ್ಯಾಂಗ್ರೋವ್, ಇರಬೇಕು. ಬೆಡೊನೊದಲ್ಲಿ ಮೊದಲಿಂದಲೂ ಹೊಂಡವೇ ಇತ್ತಾ? ಕಾಂಡ್ಲಾ ಎಲ್ಲಿ ಹೋಯಿತು?

ತವಾಂಗ್_ಟೇಸನ್

ಇಲ್ಲ. ವಯಸ್ಸಾದವರನ್ನು ಕೇಳಿದರೆ ಭತ್ತದ ಗದ್ದೆ, ತೆಂಗಿನ ಮರ ಅಂತಾರೆ. ಕಡಲಂಚಿಗೆ ಮ್ಯಾಂಗ್ರೋವ್. 1980ರಲ್ಲಿ ಇಂಡೋನೇಷ್ಯಾ ಸಮುದ್ರದ ತಳ ಬಾಚುವ ಟ್ರಾಲ್ ಬಲೆ ನಿಷೇಧಿಸಿತು. ಸಮುದ್ರದ ಸಿಗಡಿ ರಫ್ತು ಕಡಿಮೆಯಾಗುತ್ತದೆ, ಹೊಂಡದಲ್ಲಿ ಬೆಳೆಸಿ ಅಂತ ಸರ್ಕಾರವೇ ಪ್ರೋತ್ಸಾಹ ಕೊಟ್ಟಿತು. ಒಳ್ಳೆ ರೇಟೂ ಇತ್ತು. ಜನ ಮ್ಯಾಂಗ್ರೋವ್ ಕಡಿದು ಸಮುದ್ರದ ಅಂಚಿನವರೆಗೂ ಹೊಂಡ ತೋಡಿದರು. ಅವರನ್ನು ದೂರುವುದು ಸುಲಭ. ಆ ಕಾಲದಲ್ಲಿ ಸಿಗಡಿ ಹೊಂಡದವನ ಮನೆಗೆ ಟೈಲ್ಸ್, ಮಕ್ಕಳಿಗೆ ಕಾಲೇಜು. ಯಾರು ಬಿಡುತ್ತಾರೆ ಹೇಳಿ. ಸಿಗಡಿಗೆ ರೋಗ ಬಂದ ಮೇಲೆ ಬಂಡೆಂಗ್ ಮೀನಿಗೆ ತಿರುಗಿಕೊಂಡರು.

ಅದೇ ಹೊತ್ತಿಗೆ ಪಶ್ಚಿಮದಲ್ಲಿ ಸೆಮರಾಂಗ್ ಬಂದರು ಬೆಳೆಯಿತು. ಸಮುದ್ರ ತುಂಬಿ ಕೈಗಾರಿಕಾ ಪ್ರದೇಶ ಮಾಡಿದರು. ತೀರಕ್ಕೆ ಹೊಸ ಆಕಾರ ಬಂದರೆ ಅಲೆಯ, ಸಮುದ್ರದ ಹರಿವಿನ ದಿಕ್ಕೂ ಬದಲಾಗುತ್ತದೆ. ಪೂರ್ವದ ಹಳ್ಳಿಗಳಿಗೆ ಬರಬೇಕಿದ್ದ ಮಣ್ಣು ಬರಲಿಲ್ಲ, ಅಲೆ ಮಾತ್ರ ಬಂತು. ಕಾಂಡ್ಲಾ ಇಲ್ಲ, ಮಣ್ಣಿಲ್ಲ, ನೆಲ ಬೇರೆ ತಗ್ಗುತ್ತಿದೆ. ಬದು ಒಂದಾದ ಮೇಲೆ ಒಂದು ಹೋಯಿತು. ಒಂದು ಹೊಂಡ ಒಡೆದರೆ ಹಿಂದಿನದೇ ಮುಂದಿನ ಸಾಲಾಗುತ್ತದೆ.

ಗಜನಿ_ಗದ್ದೆ

ಬಂಡೆಂಗ್ ಅಂದರೆ ನಮ್ಮ ಹೂಮೀನು. ರುಚಿ ಒಳ್ಳೆಯದು, ಮುಳ್ಳು ವಿಪರೀತ. ಇನ್ನೊಂದು ವಿಷಯ. ಅಲ್ಲಿ ಉಬ್ಬರ ಎಷ್ಟು? ನಮ್ಮಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಕಾರವಾರದಲ್ಲಿ ಒಂದೂವರೆ ಎರಡು ಮೀಟರ್‌ವರೆಗೂ ಹೋಗುತ್ತದೆ.

ತವಾಂಗ್_ಟೇಸನ್

ಇಲ್ಲಿ ಮೀಟರಿನ ಆಚೀಚೆ ಅಷ್ಟೇ. ಹೆಚ್ಚಿನ ದಿನ ದೊಡ್ಡ ಉಬ್ಬರ ಒಂದೇ ಸಲ. ನಿಮ್ಮ ಕಣ್ಣಿಗೆ ಶಾಂತ ಸಮುದ್ರ. ನೆಲ ಅಷ್ಟು ತಗ್ಗಿರುವುದರಿಂದ ಆ ಮೀಟರೇ ಸಾಕು. ಉಬ್ಬರದ ನೆರೆಗೆ ಇಲ್ಲಿ 'ರೊಬ್' ಅಂತಾರೆ. ಮಳೆ ಬೇಕಿಲ್ಲ, ಒಣ ಬಿಸಿಲಲ್ಲೂ ಮನೆಯೊಳಗೆ ನೀರು. ಮೇ, ಜೂನ್ ಸುಮಾರಿಗೆ ಜೋರು.

2022ರ ಮೇ 23ರಂದು ಸೆಮರಾಂಗ್‌ನ ತಂಜುಂಗ್ ಎಮಾಸ್ ಬಂದರಿನ ಕಡೆ ಒಡ್ಡು ಒಡೆದು ಕೈಗಾರಿಕಾ ಪ್ರದೇಶಕ್ಕೇ ನುಗ್ಗಿತು. ಶಿಫ್ಟಿನಲ್ಲಿದ್ದ ಕೆಲಸಗಾರರು ಸೊಂಟದ ಮಟ್ಟದ ನೀರಿನಲ್ಲಿ ಹೊರಗೆ ಬಂದರು. ಬೈಕುಗಳು ತೇಲಿದವು. ಆ ದಿನ ದೇಶದ ಎಲ್ಲ ಟಿವಿಯಲ್ಲೂ ರೊಬ್. ಸಾಯುಂಗ್‌ನ ಹಳ್ಳಿಗಳಲ್ಲಿ ಅದು ವರ್ಷಗಳಿಂದ ಇದ್ದದ್ದೇ.

ಡೆಲ್ಟಾ_ಅಕ್ಕ

ನೆದರ್ಲ್ಯಾಂಡ್ಸ್‌ನಿಂದ ಬರೆಯುತ್ತಿದ್ದೇನೆ, ಮೂಲ ಶಿರಸಿ. ನೀರಿನ ಎಂಜಿನಿಯರಿಂಗ್ ನನ್ನ ಕೆಲಸ. ಡೆಮಾಕ್ ತೀರ ನಮ್ಮ ಕ್ಷೇತ್ರದವರಿಗೆ ಚೆನ್ನಾಗಿ ಗೊತ್ತಿರುವ ಹೆಸರು. ಅಲ್ಲಿ 2015ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ಇಂಡೋನೇಷ್ಯಾದ ಮೀನುಗಾರಿಕೆ ಸಚಿವಾಲಯ, ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್, ಡಚ್ಚರ ಇಕೋಶೇಪ್ ಸೇರಿ ಮಾಡಿದ್ದು. ಪ್ರಕೃತಿಯ ಜೊತೆ ಸೇರಿ ಕಟ್ಟುವುದು ಅನ್ನುವ ಯೋಜನೆ.

ಕಾಂಕ್ರೀಟ್ ಗೋಡೆ ಕೆಸರಿನ ತೀರದಲ್ಲಿ ನಿಲ್ಲುವುದಿಲ್ಲ. ಅಲೆ ಗೋಡೆಗೆ ಬಡಿದು ವಾಪಸ್ ಹೋಗುವಾಗ ಬುಡದ ಕೆಸರನ್ನೇ ಕೊರೆಯುತ್ತದೆ. ಅದಕ್ಕೆ ಇವರು ಮಾಡಿದ್ದು ನೀರು ದಾಟುವ ಬೇಲಿ. ಬಿದಿರಿನ ಕಂಬಗಳ ಎರಡು ಸಾಲು, ನಡುವೆ ಸೊಪ್ಪುಸದೆ, ರೆಂಬೆಗಳ ಕಟ್ಟು. ಅಲೆ ಒಳಗೆ ಬರುತ್ತದೆ, ಆದರೆ ಸುಸ್ತಾಗಿ ಬರುತ್ತದೆ. ಅದು ಹೊತ್ತು ತಂದ ಮಣ್ಣು ಬೇಲಿಯ ಹಿಂದೆ ಕೂರುತ್ತದೆ. ಮಣ್ಣು ಸಾಕಷ್ಟು ಏರಿದರೆ ಉಪ್ಪಟ್ಟಿ ಅನ್ನುವ ಮ್ಯಾಂಗ್ರೋವ್ ಜಾತಿಯ ಬೀಜಗಳು ತಾವೇ ಬಂದು ಹುಟ್ಟುತ್ತವೆ, ನೆಡಬೇಕಿಲ್ಲ. ಇಲ್ಲಿ ಡಚ್ಚರ ಉತ್ತರ ತೀರದಲ್ಲಿ ಉಪ್ಪು ಹುಲ್ಲುಗಾವಲು ಬೆಳೆಸಲು ಇದೇ ಥರ ರೆಂಬೆಯ ಬೇಲಿ ಹಾಕುತ್ತಿದ್ದರು.

ಜೊತೆಗೆ ಹೊಂಡದವರಿಗೆ ಹೊಲದಲ್ಲೇ ಪಾಠ. ಮನೆಯಲ್ಲೇ ಮಾಡುವ ದ್ರವ ಗೊಬ್ಬರ, ಹೊಂಡದ ಒಂದು ಭಾಗವನ್ನು ನದಿಯಂಚಿನ ಮ್ಯಾಂಗ್ರೋವ್‌ಗೆ ಬಿಟ್ಟುಕೊಡುವುದು, ಹೀಗೆ. ಇಳುವರಿ ಚೆನ್ನಾಗಿಯೇ ಏರಿತು. 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಮೊದಲ ಹತ್ತು ಜಾಗತಿಕ ಪುನಶ್ಚೇತನ ಯೋಜನೆಗಳನ್ನು ಆರಿಸಿದಾಗ ಇದೂ ಅದರಲ್ಲಿತ್ತು.

ಬೋರ್‌ವೆಲ್_ರಾಯ

ಪ್ರಶಸ್ತಿ ಬಂತು, ಸರಿ. ನೆಲ ಉಳಿಯಿತಾ ಅಕ್ಕ?

ಡೆಲ್ಟಾ_ಅಕ್ಕ

ಕೆಲವು ಕಡೆ ಉಳಿಯಿತು, ಕೆಲವು ಕಡೆ ಇಲ್ಲ. ಎರಡು ತೊಂದರೆ. ಒಂದು, ಮರ ಕೊರೆಯುವ ಕಡಲ ಹುಳ. ಬಿದಿರನ್ನು ಬೇಗನೆ ಜಾಳು ಮಾಡಿಬಿಡುತ್ತದೆ. ವರ್ಷ ವರ್ಷ ರಿಪೇರಿ ಬೇಕು, ರಿಪೇರಿಗೆ ದುಡ್ಡು ಯಾರು ಕೊಡಬೇಕು ಅನ್ನುವ ಪ್ರಶ್ನೆ. ಎರಡನೆಯದು ನೀವು ಹೇಳಿದ್ದೇ. ಬೇಲಿಯ ಹಿಂದೆ ಮಣ್ಣು ಏರುವುದಕ್ಕಿಂತ ಕೆಳಗಿನ ನೆಲ ಬೇಗ ತಗ್ಗಿದರೆ ಬೇಲಿ ಏನು ಮಾಡೀತು? ಯೋಜನೆಯವರೇ ಇದನ್ನು ಬಹಿರಂಗವಾಗಿ ಬರೆದರು. ಅಂತರ್ಜಲ ಎಳೆಯುವುದು ನಿಲ್ಲದೆ ಈ ತೀರ ನಿಲ್ಲುವುದಿಲ್ಲ ಅಂತ. ನನ್ನ ಮಟ್ಟಿಗೆ ಆ ಯೋಜನೆಯಿಂದ ಬಂದ ಅತಿ ಉಪಯೋಗದ ಮಾತು ಅದೇ, ಮ್ಯಾಂಗ್ರೋವ್ ಫೋಟೋಗಳಲ್ಲ.

ಪಹಣಿ_ಪುಟ್ಟ

ಕಂದಾಯ ಇಲಾಖೆಯಿಂದ ನಿವೃತ್ತನಾದವನು. ಎಲ್ಲರೂ ಮಣ್ಣು, ನೀರು ಅಂತಿದ್ದೀರಿ. ನನಗೆ ಒಂದೇ ಪ್ರಶ್ನೆ. ಮುಳುಗಿದ ಗದ್ದೆಯ ಪತ್ರ ಯಾರ ಹೆಸರಿನಲ್ಲಿದೆ? ಆ ಪತ್ರಕ್ಕೆ ಬೆಲೆ ಇದೆಯಾ?

ತವಾಂಗ್_ಟೇಸನ್

ಸರ್, ಈ ಪ್ರಶ್ನೆ ಕೇಳುವವರಿಗಾಗಿ ಕಾಯುತ್ತಿದ್ದೆ.

ಬಹಳ ಜನರ ಬಳಿ ಸರ್ಟಿಫಿಕೇಟ್ ಇದೆ. ಗಡಿ, ಅಳತೆ, ಮುದ್ರೆ ಎಲ್ಲ ಸರಿ. ಆದರೆ ಇಂಡೋನೇಷ್ಯಾದಲ್ಲಿ 'ತಾನಾ ಮುಸ್ನಾ', ಅಂದರೆ ನಾಶವಾದ ಭೂಮಿ, ಅನ್ನುವ ಒಂದು ವರ್ಗ ಇದೆ. 2021ರ ಸರ್ಕಾರಿ ನಿಯಮ ಸಂಖ್ಯೆ 18ರಲ್ಲಿ ಇದರ ವಿವರ ಇದೆ. ನೈಸರ್ಗಿಕ ಕಾರಣದಿಂದ ಭೂಮಿ ತನ್ನ ಮೂಲ ರೂಪ ಕಳೆದುಕೊಂಡು, ಗುರುತಿಸಲು, ಬಳಸಲು ಆಗದಿದ್ದರೆ ಅದು ನಾಶವಾದ ಭೂಮಿ. ಹಾಗೆ ಘೋಷಿಸಿದರೆ ಅದರ ಮೇಲಿನ ಹಕ್ಕು ಮುಗಿಯಿತು. ಮಾಲೀಕ ಬೇಕಿದ್ದರೆ ಮೊದಲು ತಾನೇ ಅದನ್ನು ಮತ್ತೆ ನೆಲ ಮಾಡಿಕೊಳ್ಳಬಹುದು, ಅದಕ್ಕೆ ಅವಕಾಶ ಕೊಡುತ್ತಾರೆ. ಎದೆಮಟ್ಟದ ನೀರಿನಲ್ಲಿ ನಿಂತಿರುವ ಮೀನುಗಾರ ತನ್ನ ಗದ್ದೆಗೆ ಮಣ್ಣು ತುಂಬಿಸಬೇಕು! ಅವನಲ್ಲಿ ಅಷ್ಟು ದುಡ್ಡಿದ್ದರೆ ಅಲ್ಲಿ ಯಾಕೆ ನಿಂತಿರುತ್ತಿದ್ದ?

ಇನ್ನೊಂದು ಕಡೆ ಸೆಮರಾಂಗ್–ಡೆಮಾಕ್ ಟೋಲ್ ರಸ್ತೆ ಬಂತು. ಅದು ಹಾದುಹೋಗುವ ಜಾಗದಲ್ಲಿ ನೂರಾರು ಜನರ ಮುಳುಗಿದ ಜಮೀನು ಇತ್ತು. ಒಣಭೂಮಿಯವರಿಗೆ ಪೂರ್ತಿ ಪರಿಹಾರ. ಮುಳುಗಿದ ಭೂಮಿಯವರಿಗೆ 'ಕೆರೊಹಿಮಾನ್' ಅನ್ನುವ ಮೊತ್ತ. ಅದು ದಯೆಯಿಂದ ಕೊಡುವ ಹಣ, ಹಕ್ಕಿನಿಂದ ಬರುವುದಲ್ಲ. ಬೆಲೆಯ ಒಂದು ಪಾಲು ಮಾತ್ರ. ಅದಕ್ಕೂ ವರ್ಷಗಟ್ಟಲೆ ಓಡಾಟ, ಪ್ರತಿಭಟನೆ.

ಪಹಣಿ_ಪುಟ್ಟ

'ನೈಸರ್ಗಿಕ ಕಾರಣ' ಅನ್ನುವ ಎರಡು ಪದದಲ್ಲೇ ಎಲ್ಲ ಇದೆ ನೋಡಿ. ಬೋರು ಎಳೆದು ನೆಲ ತಗ್ಗಿದ್ದರೆ ಅದು ನೈಸರ್ಗಿಕ ಹೇಗಾಗುತ್ತದೆ? ನಮ್ಮಲ್ಲಿ ಹೊಳೆ ಕೊರೆದು ಜಮೀನು ಹೋದರೂ ರೈತ ಅರ್ಜಿ ಕೊಟ್ಟು ಕಂದಾಯ ಮಾಫಿ ಕೇಳುತ್ತಾನೆ. ಆದರೆ ಹೋದದ್ದಕ್ಕೆ ಇನ್ನೊಬ್ಬರು ಕಾರಣ ಅಂತ ಸಾಬೀತು ಮಾಡುವುದು ರೈತನ ಕೈಲಾಗುವ ಕೆಲಸವೇ ಅಲ್ಲ. ಯಾವ ಬೋರಿನಿಂದ ಯಾರ ಗದ್ದೆ ಎಷ್ಟು ಇಂಚು ತಗ್ಗಿತು ಅಂತ ಯಾವ ಕೋರ್ಟಿನಲ್ಲಿ ತೋರಿಸುತ್ತೀರಿ?

ಬಿಸಿಲುಕುದುರೆ

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಹವಾಮಾನ ಅಂತ ನಾನು ಅಂದಾಗ ಅದು ಈ ಥರ ಬಳಕೆಯಾಗಬಹುದು ಅನ್ನುವುದು ಹೊಳೆದಿರಲಿಲ್ಲ.

ದಾವಣಗೆರೆ_ಡ್ರೈವರ್

ಟೋಲ್ ರಸ್ತೆ ಬೈಯುತ್ತಿದ್ದೀರಿ, ಆದರೆ ಅದೇ ಸಮುದ್ರಕ್ಕೆ ಒಡ್ಡು ಅಂತ ಓದಿದೆ. ರಸ್ತೆಯೂ ಆಯಿತು, ತಡೆಗೋಡೆಯೂ ಆಯಿತು. ಒಳ್ಳೇದೇ ಅಲ್ವಾ?

ತವಾಂಗ್_ಟೇಸನ್

ಒಳಗಿದ್ದವರಿಗೆ ಒಳ್ಳೇದು. ಒಟ್ಟು ಸುಮಾರು 27 ಕಿಲೋಮೀಟರ್ ರಸ್ತೆ. ಸಾಯುಂಗ್‌ನಿಂದ ಡೆಮಾಕ್‌ವರೆಗಿನ ಭಾಗ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಸೆಮರಾಂಗ್‌ನಿಂದ ಸಾಯುಂಗ್‌ವರೆಗಿನ ಭಾಗವೇ ಸಮುದ್ರದ ಒಡ್ಡು. ಕೆಸರಿನ ಮೇಲೆ ಲಕ್ಷಗಟ್ಟಲೆ ಬಿದಿರಿನ ಚಾಪೆ ಹಾಸಿ ಅದರ ಮೇಲೆ ಕಟ್ಟುವ ಕೆಲಸ. ಎಂಜಿನಿಯರಿಂಗ್ ನೋಡಲು ಭಾರಿ ಚೆನ್ನಾಗಿದೆ, ಅದನ್ನು ಒಪ್ಪಬೇಕು. ಒಡ್ಡಿನ ಒಳಗೆ ನೀರು ಹಿಡಿಯುವ ದೊಡ್ಡ ಕೆರೆಗಳು, ಪಂಪುಗಳು. ಕಲಿಗಾವೆ ರಸ್ತೆ, ಕಾರ್ಖಾನೆಗಳು ಒಳಗೆ ಬರುತ್ತವೆ.

ಬೆಡೊನೊ, ಅದರ ಪಕ್ಕದ ತಿಂಬುಲ್‌ಸ್ಲೊಕೊ ಬಹುತೇಕ ಸಮುದ್ರದ ಕಡೆಗೇ ಉಳಿಯುತ್ತವೆ. ತಿಂಬುಲ್‌ಸ್ಲೊಕೊದಲ್ಲಿ ಜನ ಇನ್ನೂ ಇದ್ದಾರೆ. ಮನೆಯಿಂದ ಮನೆಗೆ ಮರದ ಹಲಗೆಯ ದಾರಿ ಹಾಕಿಕೊಂಡಿದ್ದಾರೆ. ನೀರು ಏರಿದಂತೆಲ್ಲ ನೆಲ ಎತ್ತರಿಸುತ್ತಾರೆ, ಛಾವಣಿ ಎತ್ತರಿಸಲು ದುಡ್ಡು ಸಾಲದು. ಹಾಗಾಗಿ ಬಾಗಿಲಲ್ಲಿ ದೊಡ್ಡವರೆಲ್ಲ ಬಗ್ಗಿಯೇ ಒಳಗೆ ಹೋಗಬೇಕು. ಕಿಟಕಿ ಮೊಣಕಾಲಿಗೆ ಬಂದಿರುತ್ತದೆ. ಸ್ಮಶಾನಕ್ಕೂ ನೀರು ನುಗ್ಗಿ ಅದನ್ನೂ ಎತ್ತರಿಸಬೇಕಾಯಿತು.

ಜಾವಾದ ಉತ್ತರ ತೀರಕ್ಕೆಲ್ಲ ದೈತ್ಯ ಗೋಡೆ ಕಟ್ಟುವ ಮಾತು ಈಗ ಜೋರಾಗಿದೆ. 2025ರಲ್ಲಿ ಅದಕ್ಕೇ ಒಂದು ಪ್ರಾಧಿಕಾರವೂ ಆಯಿತು. ಗೋಡೆಯ ಗೆರೆ ಎಲ್ಲಿ ಎಳೆಯುತ್ತಾರೆ ಅನ್ನುವುದರ ಮೇಲೆ ಯಾರು ಊರಿನವರು, ಯಾರು ಮೀನುಗಾರರು ಅನ್ನುವುದು ತೀರ್ಮಾನವಾಗುತ್ತದೆ.

ಡೆಲ್ಟಾ_ಅಕ್ಕ

ಒಂದು ಮಾತು ಸೇರಿಸುತ್ತೇನೆ. ನೆಲ ತಗ್ಗುತ್ತಲೇ ಇದ್ದರೆ ಗೋಡೆಯೂ ಅದರ ಜೊತೆ ತಗ್ಗುತ್ತದೆ. ಗೋಡೆ ಕಟ್ಟಿದ ಮೇಲೆ ಒಳಗಿನ ನೀರನ್ನು ಹಗಲೂ ರಾತ್ರಿ ಪಂಪ್ ಮಾಡಬೇಕು. ಇದು ಡಚ್ಚರಿಗೆ ಶತಮಾನಗಳ ಪಾಠ. ಗೋಡೆ ಬೇಡ ಅನ್ನುವುದಿಲ್ಲ ನಾನು. ಲಕ್ಷಾಂತರ ಜನರ ನಗರ ಅದು. ಆದರೆ ಗೋಡೆ ಕಟ್ಟಿದೆವು ಅಂತ ಬೋರು ನಿಲ್ಲಿಸುವ ಕೆಲಸ ಮುಂದಕ್ಕೆ ಹೋದರೆ ಕಷ್ಟ.

ಇತಿಹಾಸದ_ಹುಚ್ಚ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಡೆಮಾಕ್ ಅಂದರೆ ಜಾವಾದ ಮೊದಲ ಮುಸ್ಲಿಂ ಸುಲ್ತಾನರ ರಾಜ್ಯ, 15ನೇ ಶತಮಾನದ ಕೊನೆಯದ್ದು. ಆಗ ಅದು ಬಂದರು. ಉತ್ತರದಲ್ಲಿದ್ದ ಮುರಿಯಾ ಬೆಟ್ಟ ಬೇರೆ ದ್ವೀಪ, ನಡುವೆ ಹಡಗು ಓಡಾಡುವ ಜಲಸಂಧಿ. ಆಮೇಲೆ ಹೂಳು ತುಂಬಿ ಜಲಸಂಧಿ ಮುಚ್ಚಿತು, ಡೆಮಾಕ್ ಪಟ್ಟಣ ಒಳನಾಡಾಯಿತು. ಈಗ ಬರೀ ಕೆಲವು ದಶಕದಲ್ಲಿ ಅದೇ ಜಿಲ್ಲೆಯಲ್ಲಿ ಸಮುದ್ರ ಒಳಗೆ ಬರುತ್ತಿದೆ. ಡೆಮಾಕ್‌ನ ಹಳೇ ಮಸೀದಿ ನೋಡದೆ ಬರಬೇಡಿ ಬಸಣ್ಣ. ಮೂರು ಹಂತದ ಮಾಡು, ಗುಮ್ಮಟವೇ ಇಲ್ಲ.

ಕಳಲೆ_ಪಲ್ಯ

ಇಷ್ಟು ಓದಿ ಊಟದ ವಿಷಯ ಕೇಳಲು ಸಂಕೋಚ, ಆದರೂ. ಸಸ್ಯಾಹಾರಿಗೆ ಏನು ಸಿಗುತ್ತದೆ?

ತವಾಂಗ್_ಟೇಸನ್

ಸಂಕೋಚ ಯಾಕೆ. ನಿಮ್ಮ ಹೆಸರಿಗೆ ತಕ್ಕ ಊಟವೇ ಇದೆ. ಸೆಮರಾಂಗ್‌ನ ಲುಂಪಿಯಾ ಅಂದರೆ ಕಳಲೆ ತುಂಬಿದ ಸುರುಳಿ. ಸಿಗಡಿ, ಕೋಳಿ ಹಾಕಿರುತ್ತಾರೆ, ಮೊದಲೇ ಕೇಳಿಕೊಳ್ಳಿ. ಟೆಂಪೆ (ಹುದುಗಿಸಿದ ಸೋಯಾ), ತೋಫು, ಕಡಲೆಕಾಯಿ ಚಟ್ನಿ ಸುರಿದ ತರಕಾರಿ ಪೆಚೆಲ್ ಎಲ್ಲ ಕಡೆ. ಚಟ್ನಿಯಲ್ಲಿ ಒಮ್ಮೊಮ್ಮೆ ಸಿಗಡಿ ಪೇಸ್ಟ್ ಇರುತ್ತದೆ. ಮೀನು ತಿನ್ನುವವರಿಗೆ ಬಂಡೆಂಗ್ ಪ್ರೆಸ್ಟೊ. ಗಜನಿಯವರು ಹೇಳಿದ ಆ ಮುಳ್ಳಿನ ಮೀನನ್ನು ಪ್ರೆಷರಿನಲ್ಲಿ ಬೇಯಿಸಿ ಮುಳ್ಳೇ ಮೆತ್ತಗಾಗಿರುತ್ತದೆ. ಪಂಡನಾರಾನ್ ರಸ್ತೆ ಪೂರ್ತಿ ಅದೇ ಅಂಗಡಿ. ಸೆಮರಾಂಗ್‌ಗೆ ಬಂದವರೆಲ್ಲ ಡಬ್ಬ ಕಟ್ಟಿಸಿಕೊಂಡು ಹೋಗುತ್ತಾರೆ.

ಬೋರ್‌ವೆಲ್_ರಾಯ

ತವಾಂಗ್ ಸರ್, ಬೇಜಾರಾಗಬೇಡಿ. ನೇರವಾಗಿ ಕೇಳುತ್ತೇನೆ. ನಿಮ್ಮ ಫ್ಯಾಕ್ಟರಿಗೆ ನೀರು ಎಲ್ಲಿಂದ?

ತವಾಂಗ್_ಟೇಸನ್

ಬೇಜಾರಿಲ್ಲ. ಆಳದ ಬೋರಿನಿಂದ. ಪರ್ಮಿಟ್ ಇದೆ, ಮೀಟರ್ ಇದೆ, ತೆರಿಗೆ ಕಟ್ಟುತ್ತಾರೆ. ಹೊಲಿಗೆಗೆ ನೀರು ಕಡಿಮೆಯೇ. ತೊಳೆಯುವುದು, ಇಸ್ತ್ರಿಯ ಹಬೆ, ಸಾವಿರಾರು ಜನರ ಶೌಚಾಲಯ, ಕ್ಯಾಂಟೀನು, ಇವೆಲ್ಲ ಸೇರಿ ಟ್ಯಾಂಕಿಗೆ ಹಗಲೂ ರಾತ್ರಿ ಮೋಟರ್. ನಮ್ಮ ಲೈನಿನ ಹೆಣ್ಣುಮಕ್ಕಳಲ್ಲಿ ಸಾಯುಂಗ್ ಕಡೆಯವರು ಬಹಳ. ಗದ್ದೆ, ಹೊಂಡ ಹೋದ ಮೇಲೆ ಆ ಹಳ್ಳಿಗಳ ಮನೆಗಳಿಗೆ ಈ ಸಂಬಳವೇ ಆಧಾರ. ರೊಬ್ ಬಂದ ದಿನ ತಡವಾಗಿ ಬಂದರೆ ಹಾಜರಿಯಲ್ಲಿ ಕಡಿತ. ಆ ಕಡಿತ ಬೇಡ ಅಂತ ನಾನು ಮೇಲಿನವರಿಗೆ ಹೇಳಿದ್ದೇನೆ, ನಿಯಮ ನಿಯಮವೇ ಅಂದರು.

ಬೋರ್‌ವೆಲ್_ರಾಯ

ನೇರ ಉತ್ತರಕ್ಕೆ ಥ್ಯಾಂಕ್ಸ್. ಬೋರು ಬಿಡಿ ಅಂದರೆ ಬಿಡಲು ಬೇರೆ ನೀರು ಇದೆಯಾ?

ತವಾಂಗ್_ಟೇಸನ್

ನಗರದ ಪಶ್ಚಿಮ ಭಾಗಕ್ಕೆ ಇದೆ. ಜತಿಬಾರಂಗ್ ಜಲಾಶಯದಿಂದ ಸೆಕೆಂಡಿಗೆ 1,000 ಲೀಟರ್ ಸಾಮರ್ಥ್ಯದ ಕುಡಿಯುವ ನೀರಿನ ಯೋಜನೆ 2021ರಲ್ಲಿ ಶುರುವಾಯಿತು. ಅಲ್ಲಿ ಬೋರು ಮುಚ್ಚಿ ಅನ್ನಲು ಸರ್ಕಾರಕ್ಕೆ ಬಾಯಿ ಬಂತು. ಕಾರ್ಖಾನೆಗಳು ಒತ್ತಾಗಿರುವ ಪೂರ್ವದ ಅಂಚಿಗೆ, ಸಾಯುಂಗ್ ಕಡೆಗೆ ಅಂಥದೇ ಬೇಕು. ಗೋಡೆಗೆ ಬರುವಷ್ಟು ದುಡ್ಡು, ಗಮನ ಪೈಪಿಗೆ ಬರುವುದಿಲ್ಲ. ಪೈಪಿನ ಮುಂದೆ ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲವಲ್ಲ.

ಬ್ಯಾಗ್‌ಪ್ಯಾಕ್_ಬಸಣ್ಣ

ಅಣ್ಣಾ, ಡ್ರೋನ್ ವಿಷಯ ಹೇಳುತ್ತೇನೆ ಅಂದಿದ್ದಿರಿ. ಇಷ್ಟೆಲ್ಲ ಓದಿದ ಮೇಲೆ ಹೋಗುವುದೇ ಸರಿಯಾ ಅಂತಲೂ ಅನ್ನಿಸುತ್ತಿದೆ.

ತವಾಂಗ್_ಟೇಸನ್

ಹೋಗಿ. ಹೊರಗಿನವರು ಬಂದರೆ ದೋಣಿಯವರಿಗೆ, ಕಿರಾಣಿ ಅಂಗಡಿಗೆ ನಾಲ್ಕು ಕಾಸು. ಸಮಾಧಿಗೆ ಬರುವ ಯಾತ್ರಿಕರಿಂದಲೇ ಮೊರೊಸಾರಿ ನಡೆಯುತ್ತಿದೆ. ದರ್ಗಾಕ್ಕೆ ಹೋಗುವಾಗ ಮೈ ಮುಚ್ಚುವ ಬಟ್ಟೆ ಇರಲಿ, ಚಪ್ಪಲಿ ಹೊರಗೆ.

ಡ್ರೋನ್ ಮಾತ್ರ ತಿಂಬುಲ್‌ಸ್ಲೊಕೊ ಮನೆಗಳ ಮೇಲೆ ಬೇಡ. ಅಲ್ಲಿ ಸ್ನಾನ, ಬಟ್ಟೆ ಒಣಹಾಕುವುದು, ಮಕ್ಕಳ ಆಟ ಎಲ್ಲ ಆ ಹಲಗೆಯ ಮೇಲೆಯೇ. ಮ್ಯಾಂಗ್ರೋವ್ ಕಡೆ, ಬೆಳ್ಳಕ್ಕಿ ಗೂಡು ಕಟ್ಟದ ಜಾಗದಲ್ಲಿ, ಕೇಳಿಕೊಂಡು ಹಾರಿಸಬಹುದು. ಹಲಗೆ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಎದುರಿಗೆ ಬೈಕ್ ಬಂದರೆ ಪಕ್ಕಕ್ಕೆ ನಿಲ್ಲಿ.

ಡಿಸೆಂಬರ್ ಮಳೆಗಾಲ, ಪಶ್ಚಿಮದ ಗಾಳಿಯಿದ್ದರೆ ದೋಣಿ ಹೊರಡುವುದಿಲ್ಲ. ಬೆಳಿಗ್ಗೆ ಬೇಗ ಬನ್ನಿ. ಭಾನುವಾರವಾದರೆ ನನಗೆ ರಜೆ, ತವಾಂಗ್ ನಿಲ್ದಾಣಕ್ಕೆ ಬೈಕ್ ತರುತ್ತೇನೆ. ನಿಮ್ಮ ತಾರೀಖು ಗೊತ್ತಾದ ಮೇಲೆ ಇಲ್ಲೇ ಹಾಕಿ, ಆ ದಿನದ ಉಬ್ಬರದ ಹೊತ್ತು ನೋಡಿ ಹೇಳುತ್ತೇನೆ.

ಗಜನಿ_ಗದ್ದೆ

ಬಸಣ್ಣ, ನಾನೂ ಬರುತ್ತೇನೆ ಮಾರಾಯ್ರೆ. ಆ ಬಿದಿರು ಬೇಲಿ ನೋಡಬೇಕು. ನಮ್ಮ ಕಡೆ ಒಡೆದ ಬದುಗಳು ಇವೆ, ಬಿದಿರಿಗೂ ಬರವಿಲ್ಲ. ಡೆಲ್ಟಾ ಅಕ್ಕ, ನಮ್ಮಂಥ ಎರಡು ಮೀಟರ್ ಉಬ್ಬರಕ್ಕೆ ಅದು ತಡೆಯುತ್ತದಾ?

ಡೆಲ್ಟಾ_ಅಕ್ಕ

ಅಳಿವೆಯ ಒಳಗೆ, ಅಲೆ ಕಡಿಮೆ ಇರುವ ಕಡೆ, ಕೆಸರು ಸಾಕಷ್ಟು ಬರುವ ಜಾಗವಾದರೆ ನೋಡಬಹುದು. ತೆರೆದ ಸಮುದ್ರದ ಅಂಚಿಗೆ ನಮ್ಮ ಮುಂಗಾರಿನ ಅಲೆಗೆ ಬೇಡವೇ ಬೇಡ, ಒಂದೇ ಮಳೆಗಾಲಕ್ಕೆ ಎದ್ದು ಹೋಗುತ್ತದೆ. ಬದು ಒಡೆದ ಜಾಗದ ಫೋಟೋ, ಇಳಿತದಲ್ಲಿ ತೆಗೆದದ್ದು, ಹಾಕಿ. ಕೆಸರಿನ ಆಳ ಒಂದು ಕೋಲು ಇಳಿಸಿ ಅಳೆದು ಬರೆಯಿರಿ. ಅದನ್ನು ನೋಡದೆ ಏನೂ ಹೇಳಲಾರೆ.